ಹಚ್ಚಿದವರೇ ಅಳಿಸಬೇಕು

ಭಾನುವಾರ ಸಂಜೆ ತುಮಕೂರಿನ ಸೋಮೇಶ್ವರಪುರಂ ಕಡೆಯೋ ಬಟವಾಡಿ ಕಡೆಯೋ ಮಕ್ಕಳ ಹುಟ್ಟುಹಬ್ಬಕ್ಕೆ ನೀವು ಹೋದರೆ, ನಾನು ಅಲ್ಲಿ ಸಿಕ್ಕರೂ ಸಿಗಬಹುದು. ಕೇಕಿನ ಮೇಜಿಗೆ ದೂರವಾಗಿ, ಕಿಟಕಿಯ ಬೆಳಕಿಗೆ ಹತ್ತಿರವಾಗಿ, ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಎದುರುಬದುರು ಹಾಕಿಕೊಂಡು ಕೂತಿರುತ್ತೇನೆ. ಒಂದರಲ್ಲಿ ನಾನು, ಇನ್ನೊಂದರಲ್ಲಿ ಒಂದು ಮಗು. ಅದರ ಹಿಂದೆ ಹದಿನೈದು ಇಪ್ಪತ್ತು ಮಕ್ಕಳ ಸಾಲು. ಸಾಲು ಅಂತ ಹೇಳಿದೆ, ಅದು ಯಾವತ್ತೂ ಸಾಲಾಗಿ ನಿಂತದ್ದಿಲ್ಲ.

ನಾನು ಖಾಸಗಿ ಶಾಲೆಯೊಂದರಲ್ಲಿ ಡ್ರಾಯಿಂಗ್ ಟೀಚರ್. ಆ ಸಂಬಳ ಎಷ್ಟಕ್ಕೆ ಸಾಲುತ್ತದೆ ಅಂತ ಡ್ರಾಯಿಂಗ್ ಟೀಚರುಗಳಿಗೆ ಗೊತ್ತು. 2015ರಲ್ಲಿ ಸಹೋದ್ಯೋಗಿಯೊಬ್ಬರ ಮಗನ ಹುಟ್ಟುಹಬ್ಬಕ್ಕೆ ಸುಮ್ಮನೆ ನಾಲ್ಕು ಮಕ್ಕಳ ಕೆನ್ನೆಗೆ ಚಿಟ್ಟೆ ಬರೆದುಕೊಟ್ಟೆ. ಮುಂದಿನ ವಾರ ಆ ನಾಲ್ಕರಲ್ಲಿ ಒಂದು ಮಗುವಿನ ತಾಯಿ ಫೋನ್ ಮಾಡಿ, 'ಎಷ್ಟು ತಗೋತೀರಾ ಮೇಡಂ?' ಅಂತ ಕೇಳಿದರು. ಹಾಗೆ ಶುರುವಾಯಿತು. ಈಗ ಎರಡು ಗಂಟೆಗೆ ಇಷ್ಟು ಅಂತ ಲೆಕ್ಕ. ಕೆನ್ನೆಯ ಮೇಲೆ ಒಂದು ಚಿಟ್ಟೆಗೆ ಮೂರು ನಿಮಿಷ, ಇಡೀ ಮುಖದ ಹುಲಿಗೆ ಹತ್ತು ನಿಮಿಷ. ಗಂಡು ಮಕ್ಕಳು ಹುಲಿ, ಸ್ಪೈಡರ್‌ಮ್ಯಾನ್ ಕೇಳುತ್ತಾರೆ. ಹೆಣ್ಣು ಮಕ್ಕಳು ಚಿಟ್ಟೆ, ಯೂನಿಕಾರ್ನ್ ಕೇಳುತ್ತಾರೆ. ಹಾಗಂತ ಅವರ ಅಮ್ಮಂದಿರು ಹೇಳುತ್ತಾರೆ, ಮಗುವನ್ನೇ ಕೇಳಿದರೆ ಲೆಕ್ಕ ತಲೆಕೆಳಗಾಗುತ್ತದೆ. ಒಬ್ಬಳು ಹುಡುಗಿ ಹಲ್ಲಿ ಬೇಕು ಅಂದಿದ್ದಳು. 2023ರಲ್ಲಿ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾದ ಮೇಲೆ ಆ ಕಡೆಯ ಹುಡುಗರು ಕೆನ್ನೆಗೆ ಹೆಲಿಕಾಪ್ಟರ್ ಕೇಳಲು ಹಿಡಿದರು. ಅದರ ರೆಕ್ಕೆ ಕೆನ್ನೆಯಿಂದ ಹೊರಟು ಮೂಗಿನ ಮೇಲೆ ಹಾದು ಹೋಗಬೇಕು. ಮಗು ನಕ್ಕರೆ ಹೆಲಿಕಾಪ್ಟರ್ ಮೇಲೇಳುತ್ತದೆ.

ಈ ಕೆಲಸದಲ್ಲಿ ನನಗೆ ಇಷ್ಟವಾಗುವುದು ಚಿತ್ರ ಅಲ್ಲ. ಚಿತ್ರ ಬರೆಯಲು ಕಾಗದ ಸಾಕು. ಒಂದು ಮಗು ಗುರುತು ಪರಿಚಯ ಇಲ್ಲದ ಹೆಂಗಸಿನ ಮುಂದೆ ಬಂದು ಕೂತು, ಗದ್ದವನ್ನು ಅವಳ ಕೈಗೆ ಕೊಟ್ಟು, ಕಣ್ಣು ಮುಚ್ಚುತ್ತದಲ್ಲ, ಅದು. ಅಷ್ಟು ಹೊತ್ತು ಓಡುವುದಿಲ್ಲ, ಮಾತಾಡುವುದಿಲ್ಲ, ಉಸಿರನ್ನೂ ಮೆಲ್ಲಗೆ ಬಿಡುತ್ತದೆ. ಒದ್ದೆ ಬ್ರಷ್ ತಾಗಿದ ಕಡೆ ರೆಪ್ಪೆ ಅದುರುತ್ತದೆ. ತನ್ನ ಮುಖದ ಮೇಲೆ ಏನು ಆಗುತ್ತಿದೆ ಅಂತ ಅದಕ್ಕೆ ಕಾಣುವುದಿಲ್ಲ. ಕನ್ನಡಿ ಕೊಡುವವರೆಗೂ ಅದು ನನ್ನನ್ನು ನಂಬಿಯೇ ಕೂತಿರಬೇಕು.

ಆ ನಂಬಿಕೆಯನ್ನು ನಾನು ಒಂದು ಸಲ ಕೆಡಿಸಿದ್ದೇನೆ. ಅದನ್ನು ಬರೆಯಬೇಕು ಅಂತಲೇ ಕೂತದ್ದು. ಆದರೆ ಅದಕ್ಕೆ ಮೊದಲು ಅಪ್ಪನ ವಿಷಯ ಹೇಳಬೇಕು.

ಕನ್ನಡದಲ್ಲಿ 'ಬಣ್ಣ ಹಚ್ಚಿದ' ಅಂದರೆ ನಾಟಕ ಆಡಿದ ಅಂತ ಅರ್ಥ. 'ನಮ್ಮಪ್ಪ ಬಣ್ಣ ಹಚ್ತಿದ್ದ' ಅಂದ ಕೂಡಲೇ ಜನ ಕೇಳುತ್ತಾರೆ: 'ಹೌದಾ? ಯಾವ ಪಾರ್ಟು?' ಯಾವ ಪಾರ್ಟೂ ಇಲ್ಲ. ಅಪ್ಪ ಹಚ್ಚುತ್ತಿದ್ದದ್ದು ಬೇರೆಯವರಿಗೆ. ಕುಣಿಗಲ್, ಹೆಬ್ಬೂರು, ಗುಬ್ಬಿ ಸೀಮೆಯ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಹಬ್ಬ ಜಾತ್ರೆ ಶುರುವಾದರೆ ಕುರುಕ್ಷೇತ್ರ, ರಾಮಾಯಣ, ಶನಿಮಹಾತ್ಮೆ ನಾಟಕಗಳು ಶುರುವಾಗುತ್ತಿದ್ದವು. ಈಗಲೂ ಆಗುತ್ತವೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಊರಲ್ಲೇ ಇದ್ದು ಹಾಡು ಕಲಿಸುತ್ತಾರೆ. ಪಾತ್ರ ಬೇಕಾದವರು ದುಡ್ಡು ಕಟ್ಟಬೇಕು; ಕೃಷ್ಣ, ದುರ್ಯೋಧನರಿಗೆ ಹೆಚ್ಚು ರೇಟು. ಸೀನರಿ, ಕಿರೀಟ, ಗದೆ ಎಲ್ಲ ಬಾಡಿಗೆಗೆ ಬರುತ್ತವೆ. ಅದರ ಜೊತೆ ಟ್ರಂಕು ಹಿಡಿದು ಬರುವವನು ಬಣ್ಣದ ಮೇಷ್ಟ್ರು. ನಮ್ಮಪ್ಪ ಅದು.

ಆ ಟ್ರಂಕಿನಲ್ಲಿ ಇದ್ದದ್ದು ಇಷ್ಟು: ಬಿಳಿಗೆ ಸಫೇದ, ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಕಪ್ಪಿಗೆ ಮನೆಯಲ್ಲೇ ಮಾಡಿದ ಕಾಡಿಗೆ, ಒಂದು ಸೀಸೆ ಕೊಬ್ಬರಿ ಎಣ್ಣೆ, ಮೀಸೆ ಅಂಟಿಸುವ ಗೋಂದು, ಹಳೇ ಪಂಚೆ ಹರಿದು ಮಾಡಿದ ಬಟ್ಟೆ ತುಂಡುಗಳು. ಅರದಾಳ ಮತ್ತು ಸಫೇದವನ್ನು ಎಣ್ಣೆಯಲ್ಲಿ ಅರೆದು ಮುಖಕ್ಕೆ ಬಳಿದರೆ ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮುಖ ಚಿನ್ನದ ಹಾಗೆ ಹೊಳೆಯುತ್ತದೆ. ಬೆಳಗ್ಗೆ ಹೊಲದಲ್ಲಿ ರಾಗಿ ಕೊಯ್ದು ಬಂದವನು ರಾತ್ರಿ ಹತ್ತಕ್ಕೆ ಅರ್ಜುನ ಆಗುತ್ತಿದ್ದದ್ದು ಹಾಗೆ. ಬಾಬಯ್ಯನ ಹಬ್ಬ ಬಂದರೆ ಹುಲಿ ವೇಷದ ಹರಕೆ ಹೊತ್ತ ಹುಡುಗರೂ ಅಪ್ಪನ ಹತ್ತಿರವೇ ಬರುತ್ತಿದ್ದರು. ಇವತ್ತು ಹಾಲ್‌ಗಳಲ್ಲಿ ನಾನು ಬರೆಯುವ ಹುಲಿ ಪಟ್ಟೆ ಅಪ್ಪನದೇ. ಹಣೆಯಿಂದ ಶುರುಮಾಡಿ ಮೂಗಿನ ಕಡೆಗೆ ಇಳಿಸಬೇಕು, ಮೂಗಿನಿಂದ ಶುರುಮಾಡಿದರೆ ಬೆಕ್ಕಾಗುತ್ತದೆ ಅಂತ ಅವನು ಹೇಳಿಕೊಟ್ಟದ್ದು.

ಅರದಾಳ ಅಂದರೆ ಆರ್ಸೆನಿಕ್ ಮತ್ತು ಗಂಧಕ ಸೇರಿದ ಖನಿಜ. ಇಂಗಳೀಕದಲ್ಲಿ ಇರುವುದು ಪಾದರಸ. ಅಪ್ಪನಿಗೆ ಈ ರಸಾಯನಶಾಸ್ತ್ರ ಗೊತ್ತಿರಲಿಲ್ಲ. ಆದರೆ ಬಣ್ಣ ಕೆಲವರಿಗೆ ಆಗುತ್ತದೆ, ಕೆಲವರಿಗೆ ಆಗುವುದಿಲ್ಲ ಅಂತ ಗೊತ್ತಿತ್ತು. ಅಂಗಡಿಯಿಂದ ತಂದ ಹೊಸ ಪೊಟ್ಟಣವನ್ನು ಅವನು ಮೊದಲು ತನ್ನ ಎಡ ಮುಂಗೈ ಒಳಭಾಗಕ್ಕೆ ಹಚ್ಚಿಕೊಂಡು ಒಂದು ದಿನ ನೋಡುತ್ತಿದ್ದ. ಉರಿದರೆ ಆ ಪೊಟ್ಟಣ ಅಂಗಡಿಗೆ ವಾಪಸ್. ವರ್ಷಾನುಗಟ್ಟಲೆ ಹೀಗೆ ಮಾಡಿ ಆ ಜಾಗದಲ್ಲಿ ಚರ್ಮ ಕಪ್ಪಾಗಿ ದಪ್ಪಗಟ್ಟಿತ್ತು. ಚಿಕ್ಕವಳಿದ್ದಾಗ ಅದು ಹುಟ್ಟು ಮಚ್ಚೆ ಅಂದುಕೊಂಡಿದ್ದೆ.

ಅಪ್ಪನಿಗೆ ದೇವರು ಅಂದರೆ ಗುಬ್ಬಿ ವೀರಣ್ಣನವರು. ನಮ್ಮ ಮನೆಯಲ್ಲಿ ಅವರ ಫೋಟೋ ಸಿದ್ಧಗಂಗೆಯ ಶ್ರೀಗಳ ಫೋಟೋದ ಪಕ್ಕದಲ್ಲೇ ಇತ್ತು. ಗುಬ್ಬಿಯ ಚನ್ನಬಸವೇಶ್ವರನ ಹೆಸರಿನ ಆ ಕಂಪನಿ ಹುಟ್ಟಿದ್ದು 1884ರಲ್ಲಿ. ವೀರಣ್ಣನವರು ಹುಟ್ಟಿದ್ದು ಅದಾಗಿ ಏಳು ವರ್ಷಕ್ಕೆ, 1891ರಲ್ಲಿ. ಇನ್ನೂ ಹುಡುಗನಾಗಿದ್ದಾಗಲೇ ಅವರು ಕಂಪನಿ ಸೇರಿದರು. ಮುಂದೆ ಅದರ ಯಜಮಾನರಾದರು, ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನು ರಂಗಕ್ಕೆ ತಂದರು, ಸದಾರಮೆಯ ಕಳ್ಳನಾಗಿ ಮೈಸೂರು ಸೀಮೆಯನ್ನೆಲ್ಲ ನಗಿಸಿದರು. ಮುತ್ತುರಾಜ ಅನ್ನುವ ಹುಡುಗ ತಂದೆಯ ಹಿಂದೆ ಅದೇ ಕಂಪನಿಗೆ ಬಂದ; 1954ರ ಬೇಡರ ಕಣ್ಣಪ್ಪದಲ್ಲಿ ರಾಜಕುಮಾರ ಆದ. ದಕ್ಷಿಣ ಕನ್ನಡದಿಂದ ಮನೆ ಬಿಟ್ಟು ಬಂದು ಸೇರಿಕೊಂಡ ಇನ್ನೊಬ್ಬ ಹುಡುಗ ಮುಂದೆ ಬಿ.ವಿ. ಕಾರಂತರಾದರು. ಅಂದರೆ ಗುಬ್ಬಿಯ ಹೆಸರಿನಲ್ಲಿ ಮಕ್ಕಳ ಮುಖಕ್ಕೆ ಬಣ್ಣ ಬಿದ್ದದ್ದು ಹೊಸದಲ್ಲ. ಆ ಮಕ್ಕಳಿಗೆ ಅದು ಹೊಟ್ಟೆಪಾಡು, ಇವತ್ತಿನ ಮಕ್ಕಳಿಗೆ ಆಟ. ವ್ಯತ್ಯಾಸ ಅಷ್ಟೇ ಅಂತ ನಾನು ಅಂದುಕೊಂಡಿದ್ದೆ. ಇನ್ನೂ ಒಂದು ವ್ಯತ್ಯಾಸ ಇತ್ತು. ಅದು ನನಗೆ ಕಂಡದ್ದು 2018ರ ಡಿಸೆಂಬರಿನಲ್ಲಿ, ಗುಬ್ಬಿಯಲ್ಲೇ.

ಅವತ್ತು ಇಪ್ಪತ್ತೈದು ಮಕ್ಕಳು ಅಂತ ಹೇಳಿದ್ದರು. ಬಂದದ್ದು ನಲವತ್ತರ ಮೇಲೆ. ಒಂದು ಮಗುವಿಗೆ ಬರೆದು ಇನ್ನೊಂದಕ್ಕೆ ಇಲ್ಲ ಅನ್ನಲು ಆಗುವುದಿಲ್ಲ. ಈ ಕೆಲಸ ಮಾಡುವವರಿಗೆಲ್ಲ ಗೊತ್ತು, ಮೊದಲು ಖಾಲಿಯಾಗುವುದು ಬಿಳಿ ಮತ್ತು ಕಪ್ಪು. ಮುಖದ ಬಣ್ಣ ಸೋಪಿನ ಬಿಲ್ಲೆಯ ಹಾಗೆ ಬರುತ್ತದೆ, ಒದ್ದೆ ಸ್ಪಂಜಿನಿಂದ ಉಜ್ಜಿ ತೆಗೆದುಕೊಳ್ಳಬೇಕು. ನನ್ನ ಬಿಳಿ ಬಿಲ್ಲೆ ಏಳು ಗಂಟೆಗೆ ತಳ ಕಂಡಿತು. ಸಾಲಿನಲ್ಲಿ ಇನ್ನೂ ನಾಲ್ಕು ಮಕ್ಕಳು. ಕೊನೆಯವಳು ಐದು ವರ್ಷದ ಹುಡುಗಿ, ಅವತ್ತಿನ ಹುಟ್ಟುಹಬ್ಬದವಳು. ಎಲ್ಲರದೂ ಆಗಲಿ, ನನ್ನದು ಆಮೇಲೆ ಅಂತ ತಾನೇ ಕಾದಿದ್ದಳು. ಅವಳಿಗೆ ಬೇಕಿದ್ದದ್ದು ಪಾಂಡಾ. ಪಾಂಡಾ ಅಂದರೆ ಮುಖವೆಲ್ಲ ಬಿಳಿ.

ನನ್ನ ಬ್ಯಾಗಿನಲ್ಲಿ ಶಾಲೆಯ ಗೋಡೆ ಚಿತ್ರಕ್ಕೆ ತಂದಿದ್ದ ಅಕ್ರಿಲಿಕ್ ಬಿಳಿ ಇತ್ತು. ಟ್ಯೂಬಿನ ಮೇಲೆ 'ನಾನ್ ಟಾಕ್ಸಿಕ್' ಅಂತ ಅಚ್ಚಾಗಿತ್ತು. ವಿಷ ಅಲ್ಲ ತಾನೇ, ಒಂದು ಗಂಟೆಯ ಮಾತು ತಾನೇ ಅಂದುಕೊಂಡೆ. ಈಗ ಗೊತ್ತು, ಆ ಮಾತಿನ ಅರ್ಥ ಕಾಗದ, ಕ್ಯಾನ್ವಾಸಿನ ಮೇಲೆ ಬಳಸುವವರಿಗೆ ತೊಂದರೆ ಇಲ್ಲ ಅಂತ ಅಷ್ಟೇ. ಚರ್ಮಕ್ಕೆ ಹಚ್ಚಬಹುದು ಅಂತ ಅಲ್ಲ. ಅಕ್ರಿಲಿಕ್ ಒಣಗಿದರೆ ಪ್ಲಾಸ್ಟಿಕ್ಕಿನ ಪದರ ಆಗುತ್ತದೆ, ನೀರಿಗೆ ಕರಗುವುದಿಲ್ಲ, ಕಿತ್ತರೆ ಸಣ್ಣ ಕೂದಲನ್ನೂ ಮೇಲಿನ ಚರ್ಮವನ್ನೂ ಹಿಡಿದುಕೊಂಡೇ ಬರುತ್ತದೆ. ಈಗ ಗೊತ್ತು ಅಂತ ಬರೆದೆ. ನಿಜ ಹೇಳಬೇಕು ಅಂದರೆ, ಡ್ರಾಯಿಂಗ್ ಟೀಚರ್ ಆದವಳಿಗೆ ಅದು ಅವತ್ತೂ ಗೊತ್ತಿತ್ತು. ನನ್ನ ಕೈಬೆರಳಿನಿಂದ ಎಷ್ಟು ಸಲ ಕಿತ್ತಿಲ್ಲ ಅದನ್ನು. ಗೊತ್ತಿದ್ದೂ ಹಚ್ಚಿದೆ. ಮೊದಲ ಮೂವರಿಗೆ ಬರೀ ಚುಕ್ಕೆ, ಮೀಸೆ. ಆ ಹುಡುಗಿಗೆ ಮಾತ್ರ ಇಡೀ ಮುಖ.

ಪಾಂಡಾ ತುಂಬ ಚೆನ್ನಾಗಿ ಬಂತು. ಎಲ್ಲರೂ ಫೋಟೋ ತೆಗೆದರು. ಕವರ್ ಕೊಟ್ಟರು. ಊಟ ಮಾಡಿ, ರೈಲಿನಲ್ಲಿ ಮನೆಗೆ ಬಂದೆ.

ಹತ್ತೂವರೆಗೆ ಫೋನು ಬಂತು. 'ಮೇಡಂ, ಬಣ್ಣ ಹೋಗ್ತಾನೇ ಇಲ್ಲ.' ಹಿಂದೆ ಮಗು ಅಳುವ ಸದ್ದು. ಸೋಪು ಹಾಕಿದರಂತೆ, ಕಡಲೆಹಿಟ್ಟು ಹಾಕಿದರಂತೆ, ಆಮೇಲೆ ಯಾರೋ ಮೈ ಉಜ್ಜುವ ಬ್ರಷ್ ತಂದು ಉಜ್ಜಿದರಂತೆ. ಎಡಗೆನ್ನೆ ಕೆಂಪಾಗಿ ನೀರು ಒಸರುತ್ತಿದೆ ಅಂದರು. 'ಉಜ್ಜಬೇಡಿ, ದಯವಿಟ್ಟು ಉಜ್ಜಬೇಡಿ' ಅಂತ ಎರಡು ಸಲ ಹೇಳಿದೆ. ಅದರ ಮುಂದೆ ಏನು ಹೇಳಬೇಕು ಅಂತ ತಿಳಿಯಲಿಲ್ಲ.

ಅಪ್ಪ ನಡುಮನೆಯಲ್ಲಿ ಮಲಗಿದ್ದವನು ಎದ್ದು ಕೂತ. ಅವನಿಗೆ ಆಗ ಎಪ್ಪತ್ತನಾಲ್ಕು. ಮಂಡಿನೋವಿನಿಂದ ಟ್ರಂಕು ಮುಚ್ಚಿ ಎಂಟು ವರ್ಷವಾಗಿತ್ತು.

'ಯಾರದವ್ವಾ ಫೋನು?'

ಹೇಳಿದೆ.

'ಯಾರು ಹಚ್ಚಿದ್ದು?'

'ನಾನೇ ಅಪ್ಪಾ.'

'ಅಳಿಸಿದ್ದು?'

ನಾನು ಸುಮ್ಮನಿದ್ದೆ. ಮೂರು ವರ್ಷದಿಂದ ನೂರಾರು ಮಕ್ಕಳಿಗೆ ಹಚ್ಚಿದ್ದೆ. ಒಂದು ಮಗುವಿನ ಮುಖವನ್ನೂ ಅಳಿಸಿರಲಿಲ್ಲ. ಅದು ನನ್ನ ಕೆಲಸ ಅಂತಲೇ ಅನ್ನಿಸಿರಲಿಲ್ಲ. ಎರಡು ಗಂಟೆ ಮುಗಿಯುತ್ತದೆ, ಕವರ್ ಸಿಗುತ್ತದೆ, ಉಳಿದದ್ದು ಆಯಾ ಮನೆಯ ಬಚ್ಚಲಿಗೆ ಬಿಟ್ಟದ್ದು.

'ಹಚ್ಚಿದೋರೇ ಅಳಿಸ್ಬೇಕು ಕಣವ್ವ. ಹಚ್ಚೋದು ಅರ್ಧ ಕೆಲಸ' ಅಂದ. ಆಮೇಲೆ, 'ನಡಿ, ಟ್ರಂಕಿಂದ ಬಟ್ಟೆ ತಗೋ' ಅಂದ.

ಪಕ್ಕದ ಮನೆಯವರ ಓಮ್ನಿ ಕೇಳಿದೆವು. ನಮ್ಮ ಯಜಮಾನರು ಓಡಿಸಿದರು. ತುಮಕೂರಿನಿಂದ ಗುಬ್ಬಿಗೆ 20 ಕಿಲೋಮೀಟರ್ ಆಸುಪಾಸು. ಅವತ್ತು ಆ ದಾರಿ ಮುಗಿಯಲೇ ಇಲ್ಲ. ಅಪ್ಪ ಮುಂದಿನ ಸೀಟಿನಲ್ಲಿ ಎಣ್ಣೆ ಸೀಸೆಯನ್ನು ಪಂಚೆಯೊಳಗೆ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಿತ್ತು. ಮೈ ಬಿಸಿಗೆ ಅದು ಕರಗಲಿ ಅಂತ ಅಂತೆ.

ಮನೆಯವರು ಬಾಗಿಲಲ್ಲೇ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡು ಹೋಗಿದ್ದೆ. ಅಪ್ಪನನ್ನು ನೋಡಿ ಯಾರೂ ಮಾತಾಡಲಿಲ್ಲ. ಹುಡುಗಿ ಅಜ್ಜಿಯ ತೊಡೆಯ ಮೇಲೆ ಅತ್ತು ಅತ್ತು ತೂಕಡಿಸುತ್ತಿದ್ದಳು. ಒಂದು ಕಡೆ ಪಾಂಡಾ ಹಾಗೇ ಇತ್ತು, ಇನ್ನೊಂದು ಕಡೆ ಬಿಳಿ ಚಕ್ಕೆಗಳ ನಡುವೆ ಹಸಿ ಚರ್ಮ. ಅಪ್ಪ ಕಷ್ಟಪಟ್ಟು ಚಾಪೆಯ ಮೇಲೆ ಕೂತ. ಎಣ್ಣೆಯನ್ನು ಅಂಗೈಗೆ ಹಾಕಿ ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡ. ಮೊದಲು ತನ್ನ ಕೆನ್ನೆಗೆ ಮುಟ್ಟಿಸಿ ನೋಡಿಕೊಂಡ. ಆಮೇಲೆ ಮಗುವಿನ ಒಳ್ಳೆಯ ಕೆನ್ನೆಯ ಮೇಲೆ ಅಂಗೈಯನ್ನು ಸುಮ್ಮನೆ ಇಟ್ಟ. ಉಜ್ಜಲಿಲ್ಲ. ಒಂದು ನಿಮಿಷ, ಎರಡು ನಿಮಿಷ. 'ನಾವು ತೆಗಿಯಕ್ಕಾಗಲ್ಲ ತಾಯಿ, ಅದೇ ಬಿಡ್ಬೇಕು' ಅಂತ ಯಾರಿಗೋ ಹೇಳಿದ, ಮಗುವಿಗೋ ನನಗೋ ತಿಳಿಯಲಿಲ್ಲ. ಕೈ ತೆಗೆದು ಬಟ್ಟೆಯ ತುದಿಯಿಂದ ಅಂಚನ್ನು ಮೆಲ್ಲಗೆ ತಳ್ಳಿದಾಗ, ಪದರ ಮೆತ್ತಗಾಗಿ ಸುರುಳಿ ಸುತ್ತಿಕೊಂಡು ಬಂತು. ಆಮೇಲೆ ಅವನು ತೋರಿಸಿದ ಹಾಗೆ ನಾನು ಮಾಡಿದೆ. ಹಸಿಯಾದ ಜಾಗವನ್ನು ಮುಟ್ಟದೆ ಸುತ್ತಲಿನದನ್ನು ತೆಗೆಯಲು ಒಂದು ಗಂಟೆಯ ಮೇಲೆ ಹಿಡಿಯಿತು.

ಹೊರಡುವಾಗ ಹುಡುಗಿಯ ತಾಯಿ ಒಂದೇ ಮಾತು ಹೇಳಿದರು. 'ಒಂದು ಚೂರೂ ಅಲ್ಲಾಡದೆ ಕೂತಿದ್ಲು ಮೇಡಂ ನಿಮ್ಮ ಮುಂದೆ.' ಬೈದಿದ್ದರೆ ಚೆನ್ನಾಗಿತ್ತು.

ವಾಪಸ್ ಬರುವಾಗ ಅಪ್ಪ ತಾನಾಗಿಯೇ ಮಾತು ತೆಗೆದ. ಅವನಿಗೆ ಇಪ್ಪತ್ತೆಂಟು ಮೂವತ್ತು ವಯಸ್ಸಿದ್ದಾಗ ಕುಣಿಗಲ್ ಕಡೆಯ ಒಂದು ಹಳ್ಳಿಯಲ್ಲಿ ಕುರುಕ್ಷೇತ್ರ. ಮಾರನೆಯ ರಾತ್ರಿ ಇನ್ನೊಂದು ಊರಿನಲ್ಲಿ ನಾಟಕ ಒಪ್ಪಿಕೊಂಡಿದ್ದ. ದುರ್ಯೋಧನ ಬೀಳುವ ಹೊತ್ತಿಗೆ ಬೆಳಗಾಗುತ್ತದೆ, ಮೊದಲ ಬಸ್ಸು ತಪ್ಪುತ್ತದೆ. ಅಳಿಸಿಕೊಳ್ಳಲು ಎಣ್ಣೆ ಇಟ್ಟಿದ್ದೀನಿ ಅಂತ ಯಾರಿಗೋ ಹೇಳಿ ಹೊರಟುಬಿಟ್ಟ. ಎಣ್ಣೆಯನ್ನು ಬೇರೆ ಯಾರೋ ಮುಗಿಸಿದ್ದರು. ದುರ್ಯೋಧನನ ಪಾತ್ರ ಮಾಡಿದವನು ಆ ದಿನ ಹೆಂಡತಿಯ ಊರಿಗೆ ಹೋಗಬೇಕಿತ್ತು. ಅವಸರಕ್ಕೆ ಸೀಮೆಎಣ್ಣೆ ಹಾಕಿ ಉಜ್ಜಿಕೊಂಡ. ಹುಲಿ ವೇಷದವರು ಹಾಗೆ ಮಾಡುವುದನ್ನು ನೋಡಿದ್ದನಂತೆ. ಮುಖ ಬೊಬ್ಬೆ ಎದ್ದು ಸುಲಿದುಹೋಯಿತು.

'ಆಮೇಲೆ?' ಅಂದೆ.

'ಆಮೇಲೆ ವಾಸಿ ಆಯ್ತು. ಕಲೆ ಉಳೀತು. ಅಂಥಾ ಕಂಠ ನಾನು ಇನ್ನೊಂದು ಕೇಳಿಲ್ಲ. ಆವಯ್ಯ ಮತ್ತೆ ಬಣ್ಣ ಹಚ್ಲಿಲ್ಲ' ಅಂದ. ಸ್ವಲ್ಪ ಹೊತ್ತು ಬಿಟ್ಟು, 'ಅಲ್ಲಿಂದಾಚೆಗೆ ನಾನು ಮೊದಲ ಬಸ್ಸು ಹತ್ತಿಲ್ಲ' ಅಂದ.

ನನ್ನ ಬಾಲ್ಯದಲ್ಲಿ ಅಪ್ಪ ನಾಟಕ ಮುಗಿಸಿ ಯಾವಾಗಲೂ ಮಧ್ಯಾಹ್ನವೇ ಮನೆಗೆ ಬರುತ್ತಿದ್ದ. ಎಲ್ಲೋ ಮಲಗಿ ಎದ್ದು ಬರುತ್ತಾನೆ ಅಂತ ಅವ್ವ ರೇಗುತ್ತಿದ್ದಳು. ಅವನು ಸೂರ್ಯ ಹುಟ್ಟಿದ ಮೇಲೆ ಸಾಲಾಗಿ ಕೂತ ಪಾಂಡವರು ಕೌರವರ ಮುಖಗಳನ್ನು ಒಂದೊಂದಾಗಿ ಒರೆಸುತ್ತಿದ್ದ ಅಂತ ಅವ್ವನಿಗೂ ಹೇಳಿರಲಿಲ್ಲ.

ಹುಡುಗಿಯ ಕೆನ್ನೆ ಮಾಯಲು ಹತ್ತು ಹನ್ನೆರಡು ದಿನ ಬೇಕಾಯಿತು. ವೈದ್ಯರಿಗೆ ತೋರಿಸಿದ ಖರ್ಚನ್ನೂ ಅವತ್ತಿನ ಕವರನ್ನೂ ಕೊಡಲು ಹೋದೆ. ಖರ್ಚು ತೆಗೆದುಕೊಂಡರು, ಕವರ್ ವಾಪಸ್ ಕೊಟ್ಟರು. ಅದನ್ನು ನಾನು ಇನ್ನೂ ಒಡೆದಿಲ್ಲ. ಕೆನ್ನೆಯ ಮೇಲಿನ ತೆಳು ಬಿಳಿಚು ಹೋಗಲು ಇನ್ನೂ ಎರಡು ತಿಂಗಳಾಯಿತು. ಅಷ್ಟೂ ದಿನ ನಾನು ಬ್ರಷ್ ಮುಟ್ಟಲಿಲ್ಲ. ಬಂದ ಫೋನುಗಳಿಗೆ ಆಗುವುದಿಲ್ಲ ಅಂದೆ. ಬಿಟ್ಟುಬಿಡೋಣ ಅನ್ನಿಸಿತ್ತು. ಅಪ್ಪ ಬಿಡು ಅನ್ನಲಿಲ್ಲ, ಮಾಡು ಅಂತಲೂ ಅನ್ನಲಿಲ್ಲ. ಒಂದು ದಿನ ತನ್ನ ಎಣ್ಣೆ ಸೀಸೆಯನ್ನು ತೊಳೆದು, ಒಣಗಿಸಿ, ನನ್ನ ಬಣ್ಣದ ಡಬ್ಬಿಯ ಪಕ್ಕದಲ್ಲಿ ಇಟ್ಟಿದ್ದ.

ಮತ್ತೆ ಶುರುಮಾಡಿದಾಗ ಕೆಲವು ನಿಯಮ ಹಾಕಿಕೊಂಡೆ. ಮಕ್ಕಳ ಹುಟ್ಟುಹಬ್ಬ ಮಾಡುವವರಿಗೆ ಉಪಯೋಗ ಆದೀತು ಅಂತ ಹೇಳುತ್ತೇನೆ. ಚರ್ಮಕ್ಕೆಂದೇ ಮಾಡಿದ, ನೀರಿಗೆ ಕರಗುವ ಬಣ್ಣ ಮಾತ್ರ. ಡಬ್ಬಿಯ ಮೇಲೆ ಅದರಲ್ಲಿ ಏನೇನಿದೆ, ಎಂದಿಗೆ ಅವಧಿ ಮುಗಿಯುತ್ತದೆ ಅಂತ ಬರೆದಿರಬೇಕು. ಸೌಂದರ್ಯವರ್ಧಕಗಳಿಗೆ ಬಣ್ಣ ಬರಿಸಲು ಸೀಸ, ಆರ್ಸೆನಿಕ್ ಬಳಸಬಾರದು ಅಂತ ನಮ್ಮ ಕಾನೂನಿದೆ. ಪೊಟ್ಟಣದಲ್ಲಿ ಕಟ್ಟಿ ಮಾರುವ ಬಣ್ಣಕ್ಕೆ ಯಾರ ಹೊಣೆಯೂ ಇಲ್ಲ. ಹೊಳಪಿನ ಪುಡಿಯೂ ಮುಖಕ್ಕೆಂದೇ ಮಾಡಿದ್ದಾಗಿರಬೇಕು, ಗ್ರೀಟಿಂಗ್ ಕಾರ್ಡಿಗೆ ಅಂಟಿಸುವುದು ಕಣ್ಣಿಗೆ ಬಿದ್ದರೆ ಗೀರುತ್ತದೆ. ಒಂದು ಮಗುವಿಗೆ ಒಂದು ಸ್ಪಂಜು, ಗಾಯ, ಗುಳ್ಳೆ, ಕಣ್ಣಿನ ಸೋಂಕು ಇದ್ದರೆ ಮುಖಕ್ಕೆ ಹಚ್ಚುವುದೇ ಇಲ್ಲ. ಮೂರು ವರ್ಷದೊಳಗಿನ ಮಕ್ಕಳಿಗೆ ಇಲ್ಲ, ಎಷ್ಟೇ ಒತ್ತಾಯ ಮಾಡಲಿ. ಬೇಡ ಅಂತ ತಲೆ ಅಲ್ಲಾಡಿಸುವ ಮಗುವಿಗೆ ಅದರ ಅಮ್ಮ ಹೇಳಿದರೂ ಇಲ್ಲ, ಕೈಗೆ ಒಂದು ನಕ್ಷತ್ರ ಸಾಕು. ಹೊಸ ಡಬ್ಬಿ ತಂದಾಗ ಮೊದಲು ನನ್ನ ಎಡ ಮುಂಗೈಗೆ ಹಚ್ಚಿಕೊಂಡು ಒಂದು ದಿನ ನೋಡುತ್ತೇನೆ. ಇದಕ್ಕೆ ಇಂಗ್ಲಿಷಿನಲ್ಲಿ ಪ್ಯಾಚ್ ಟೆಸ್ಟ್ ಅನ್ನುತ್ತಾರಂತೆ. ಅಪ್ಪನಿಗೆ ಹೇಳಿದಾಗ, 'ಅದಕ್ಕೂ ಹೆಸರೈತಾ?' ಅಂದಿದ್ದ.

ಕೊನೆಯ ನಿಯಮ, ಕೊನೆಯ ಅರ್ಧ ಗಂಟೆ ಅಳಿಸುವುದಕ್ಕೆ. ಮೊದಮೊದಲು ಎಲ್ಲರಿಗೂ ವಿಚಿತ್ರ ಅನ್ನಿಸಿತು. ಅರ್ಧ ಗಂಟೆ ಇನ್ನೂ ನಾಲ್ಕು ಮಕ್ಕಳಿಗೆ ಬರೆಯಬಹುದಲ್ಲ ಮೇಡಂ ಅಂದರು. ಇದಕ್ಕೆ ಬೇರೆ ದುಡ್ಡು ಇಲ್ಲ ಅಂದ ಮೇಲೆ ಸುಮ್ಮನಾದರು. ಈಗ ಒಂದು ಟಬ್ ಬಿಸಿನೀರು, ಎಣ್ಣೆ ಸೀಸೆ, ಮೆತ್ತನೆಯ ಬಟ್ಟೆ ಇಟ್ಟುಕೊಂಡು ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತೇನೆ. ಹಚ್ಚುವಾಗ ಮಕ್ಕಳು ಕಣ್ಣು ಮುಚ್ಚುತ್ತಾರೆ, ಅಳಿಸುವಾಗ ಕಣ್ಣು ಬಿಟ್ಟು ನನ್ನನ್ನೇ ನೋಡುತ್ತಾರೆ. ಆಗ ಮಾತಾಡುತ್ತಾರೆ. ಯಾರ ಮನೆಯಲ್ಲಿ ಜಗಳ, ಯಾರಿಗೆ ಯಾವ ಮಿಸ್ ಕಂಡರೆ ಭಯ, ಎಲ್ಲ ಆ ಅರ್ಧ ಗಂಟೆಯಲ್ಲಿ ಬರುತ್ತದೆ.

ಬೇಡ ಅನ್ನುವವರೂ ಇರುತ್ತಾರೆ. ಹೋದ ವರ್ಷ ಕುಣಿಗಲ್‌ನಲ್ಲಿ ಒಬ್ಬ ಆರು ವರ್ಷದ ಹುಡುಗ ಕುದುರೆ ಕೇಳಿದ. ಟಿಪ್ಪುವಿನ ಕಾಲದಿಂದ ಕುದುರೆಗಳಿಗೆ ಹೆಸರಾದ ಊರು ಅದು. ರೇಸಿನ ಕುದುರೆಗಳನ್ನು ಸಾಕುವ ಫಾರಂ ಅಲ್ಲಿದೆ. ಆದರೂ ಕುದುರೆ ಮುಖ ಕೇಳಿದವನು ಅವನೊಬ್ಬನೇ. ಮನುಷ್ಯನ ಮುಖಕ್ಕೆ ಕುದುರೆ ಕೂರಿಸುವುದು ಸುಲಭ ಅಲ್ಲ, ಅದರ ಮುಖ ಉದ್ದ, ನಮ್ಮದು ಅಗಲ. ಹಣೆಯಿಂದ ಮೂಗಿನ ತುದಿವರೆಗೆ ಬಿಳಿ ಪಟ್ಟೆ ಎಳೆದು, ಎರಡೂ ಕಡೆ ಕಂದು ತುಂಬಿಸಿ, ಮೂಗಿನ ಹೊಳ್ಳೆಯನ್ನು ಕಪ್ಪಿನಿಂದ ಅಗಲ ಮಾಡಿ ಹೇಗೋ ನಿಲ್ಲಿಸಿದೆ. ಕನ್ನಡಿ ನೋಡಿ ಕೆನೆದ. ಅಳಿಸಲು ಕರೆದರೆ ಬರಲೇ ಇಲ್ಲ. ಅವನ ತಾತ ಹಿಂದೆ ಫಾರಂನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದರಂತೆ. ಈಗ ಹಳ್ಳಿಯಲ್ಲಿದ್ದಾರೆ, ಅವರಿಗೆ ತೋರಿಸಬೇಕು ಅಂದ.

ನನ್ನ ನಿಯಮ ಅಲ್ಲಿಗೆ ಮುಗಿಯಿತು. ಎಣ್ಣೆಯನ್ನು ಒಂದು ಸಣ್ಣ ಡಬ್ಬಿಗೆ ಹಾಕಿ, ಬಟ್ಟೆ ಕೊಟ್ಟು, ಅವನ ಅಮ್ಮನಿಗೆ ಹೇಗೆ ಮಾಡಬೇಕು ಅಂತ ಹೇಳಿದೆ. ಉಜ್ಜಬಾರದು, ಅಂಗೈ ಇಟ್ಟು ಕಾಯಬೇಕು, ರಾತ್ರಿ ಮಲಗುವ ಮುಂಚೆ ತೆಗೆಯಲೇಬೇಕು, ಏನಾದರೂ ಆದರೆ ಎಷ್ಟು ಹೊತ್ತಾದರೂ ಫೋನ್ ಮಾಡಬೇಕು. ಮನೆಗೆ ಬಂದು ಹತ್ತೂವರೆವರೆಗೂ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದೆ.

ಫೋನ್ ಬರಲಿಲ್ಲ, ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹಳ್ಳಿ ಮನೆಯ ಜಗುಲಿ. ಹುಡುಗ ಮಂಡಿ ಊರಿ ಕುದುರೆಯ ಹಾಗೆ ನಿಂತಿದ್ದಾನೆ. ಬನಿಯನ್ ಹಾಕಿದ ತಾತ ಅವನ ಗದ್ದ ಹಿಡಿದು, ಹಣೆಯಿಂದ ಮೂಗಿನ ಕಡೆಗೆ ಅಂಗೈಯಲ್ಲಿ ಎಣ್ಣೆ ಇಳಿಸುತ್ತಿದ್ದಾರೆ. ಎಷ್ಟೋ ಕುದುರೆಗಳಿಗೆ ಮಾಲೀಶು ಮಾಡಿದ ಕೈ ಅದು, ಹೇಳಿಕೊಡುವ ಅಗತ್ಯ ಇರಲಿಲ್ಲ. ಅರ್ಧ ಮುಖ ಕುದುರೆ, ಅರ್ಧ ಮುಖ ಹುಡುಗ.

ಅಪ್ಪ 2021ರಲ್ಲಿ ಹೋದ. ಇದ್ದಿದ್ದರೆ ಆ ಫೋಟೋ ತೋರಿಸುತ್ತಿದ್ದೆ. ಕುದುರೆ ಚೆನ್ನಾಗಿದೆಯಾ ಅಂತ ಅವನು ಕೇಳುತ್ತಿರಲಿಲ್ಲ. ಕನ್ನಡಕ ಹಾಕಿಕೊಂಡು, ಆ ತಾತನ ಕೈಯನ್ನೇ ನೋಡುತ್ತಿದ್ದ.